ಮಾನ್ವಿಯ ಮದರ್‌ಗೆ ತಿಳಿಯದ ಜರ್ಮನ್

ಮೊನ್ನೆ ಇಲ್ಲಿಯೇ ಯಾರೋ ಕಮೆಂಟಿನಲ್ಲಿ ಕೇಳಿದ್ದರು: "ನಿಮಗೆ ಜರ್ಮನ್ ಬರುತ್ತದಂತೆ, ಹೌದಾ?" ಬರುತ್ತದೆ ಅಂದರೆ ಸುಳ್ಳಾಗುತ್ತದೆ. ಬರುವುದಿಲ್ಲ ಅನ್ನೋಣವೆಂದರೆ, ಒಂದು ಕಾಲಕ್ಕೆ ರಾಯಚೂರಿನಲ್ಲಿ ಬೋರ್ಡು ಹಾಕಿಕೊಂಡು ಅದನ್ನು ಕಲಿಸಿದವನು ನಾನು. ಒಂದು ಸಾಲಿನಲ್ಲಿ ಮುಗಿಯುವ ಉತ್ತರವಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬಿಡುವಿಲ್ಲದವರು ಇಲ್ಲೇ ಇಳಿದುಕೊಳ್ಳಬಹುದು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬಿ.ಕಾಂ. ಓದಲು ಹೈದರಾಬಾದಿಗೆ ಹೋಗಿದ್ದೆ. ಅಲ್ಲಿ ಸಂಜೆ ಹೊತ್ತು ಜರ್ಮನ್ ಕಲಿಸುವ ತರಗತಿಯೊಂದಿತ್ತು, ಸೇರಿಕೊಂಡೆ. ಭಾಷೆಯ ಮೇಲಿನ ಪ್ರೀತಿಯಿಂದ ಅಂತ ಈಗ ಹೇಳಿದರೆ ನೀವು ನಂಬಿಬಿಡುತ್ತೀರಿ. ಆದರೆ ನಾನು ಸೇರಿದ್ದು ಆ ಹಾಲಿನಲ್ಲಿ ಏರ್ ಕೂಲರ್ ಇದ್ದದ್ದಕ್ಕೆ. ರಾಯಚೂರಿನ ಬಿಸಿಲಲ್ಲಿ ಬೆಳೆದವನಿಗೆ ತಂಪು ಗಾಳಿ ಬರುವ ಕಡೆ ಯಾವ ಭಾಷೆ ಕಲಿಸಿದರೂ ನಡೆಯುತ್ತದೆ.

ತರಗತಿಯ ಮೂಲೆಯಲ್ಲಿ ಜರ್ಮನ್ ವಾರಪತ್ರಿಕೆಗಳ ರಾಶಿ ಬಿದ್ದಿರುತ್ತಿತ್ತು. ಮುಂದೆ ವ್ಯಾಕರಣ ನಡೆಯುವಾಗ ನಾನು ಹಿಂದಿನ ಬೆಂಚಿನಲ್ಲಿ ಕೂತು ಅವುಗಳ ಜಾಹೀರಾತು ನೋಡುತ್ತಿದ್ದೆ. ನನಗೆ ಜ್ಞಾನೋದಯವಾದದ್ದು ಅಲ್ಲಿ. ಜಾಬ್, ಟೀಮ್, ಬೇಬಿ, ಟೆಸ್ಟ್, ಪಾರ್ಟಿ, ಹಾಬಿ, ಸ್ಟ್ರೆಸ್, ಎಲ್ಲ ಇಂಗ್ಲಿಷ್ ಮಾತುಗಳು ಜರ್ಮನ್ ಪತ್ರಿಕೆಯೊಳಗೆ ಮನೆ ಅಳಿಯಂದಿರ ಹಾಗೆ ಕಾಲು ಚಾಚಿಕೊಂಡು ಕೂತಿದ್ದವು. ಅರೆ, ಇದು ನಮ್ಮೂರಿನ ಕಥೆಯೇ ಅಂದುಕೊಂಡೆ. ನಾವು 'ಟೆಸ್ಟ್' ಎಂಬುದಕ್ಕೆ 'ಮಾಡು' ಹಚ್ಚಿ ಕನ್ನಡ ಮಾಡಿಕೊಳ್ಳುತ್ತೇವೆ. ಅವರು ಬಾಲಕ್ಕೆ ಒಂದು 'ಎನ್' ಹಚ್ಚಿ 'ಟೆಸ್ಟೆನ್' ಅಂತ ಜರ್ಮನ್ ಮಾಡಿಕೊಳ್ಳುತ್ತಾರೆ. ನಮ್ಮ ಮಂದಿ ಸ್ಟೇಷನ್ನಿಗೆ 'ಇಸ್ಟೇಷನ್' ಅಂದರೆ ಅವರು ಸ್ಪೋರ್ಟಿಗೆ 'ಶ್ಪೋರ್ಟ್' ಅನ್ನುತ್ತಾರೆ. ಇನ್ನು ಕಲಿಯುವುದು ಏನು ಉಳಿಯಿತು?

ವರ್ಷದ ಕೊನೆಗೆ ಜರ್ಮನ್ನಿನ ಮೊದಲ ಹಂತದ ಸರ್ಟಿಫಿಕೇಟು ಸಿಕ್ಕಿತು, ಬಿ.ಕಾಂ. ಕೈಬಿಟ್ಟಿತು. ಊರಿಗೆ ಬಂದು, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಮನೆಯ ಮುಂದಿನ ಕೋಣೆಗೆ ಬೋರ್ಡು ಬರೆಸಿದೆ. ಪೇಂಟರ್ 'ಜರ್ಮನ್' ಎಂಬುದನ್ನು ಎಷ್ಟು ದೊಡ್ಡದಾಗಿ ಬರೆದನೆಂದರೆ ಕೆಳಗಿನ 'ಕಲಿಸಲಾಗುವುದು' ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲು ಬಂದ ಹೆಂಗಸಿನ ಕೈಯಲ್ಲಿ ಒಂದು ಅಲ್ಯುಮಿನಿಯಂ ಡಬರಿ ಇತ್ತು. ನಮ್ಮ ಕಡೆ ಅಂಥ ಪಾತ್ರೆಗೆ ಜರ್ಮನ್ ಪಾತ್ರೆ ಅನ್ನುವುದೇ ರೂಢಿ. "ತೂತು ಬಿದ್ದದ, ಮುಚ್ಚಿ ಕೊಡ್ತೀರೇನ್ರೀ?" ಅಂದಳು. ಆಮೇಲೆ ಬಂದವನು ಟೈಪಿಂಗೂ ಕಲಿಸುತ್ತೀರಾ ಎಂದು ಕೇಳಿ ಹೋದ. ತಿಂಗಳುಗಟ್ಟಲೆ ನನ್ನ ವಿದ್ಯಾಲಯದಲ್ಲಿ ನಾನೂ ನೊಣಗಳೂ ಅಷ್ಟೇ.

ಕೊನೆಗೆ ಒಬ್ಬ ನರ್ಸ್ ಬಂದಳು. ದೇವದುರ್ಗದ ಹತ್ತಿರದ ಹಳ್ಳಿಯ ಕುರಿ ಕಾಯುವ ಮನೆತನದವಳು, ಮಾನ್ವಿ ಕಡೆಯ ಒಂದು ಧರ್ಮದ ಆಸ್ಪತ್ರೆಯಲ್ಲಿ ಕೆಲಸ. ಆ ಆಸ್ಪತ್ರೆಗೆ ಜರ್ಮನಿಯ ಚರ್ಚಿನವರ ನಂಟು ಇತ್ತು. ಸುಟ್ಟ ಗಾಯದ ಆರೈಕೆ ಕಲಿಯಲು ಒಬ್ಬ ನರ್ಸನ್ನು ಅಲ್ಲಿಗೆ ಕಳಿಸುವವರಿದ್ದರು. ಅರ್ಹರಾದವರು ಇಬ್ಬರು, ಹೋಗುವುದು ಒಬ್ಬಳೇ. ಜರ್ಮನಿಯಿಂದಲೇ ಬಂದು ಈ ಕಡೆ ನೆಲೆಸಿದ್ದ ಒಬ್ಬ ಹಿರಿಯ ಸನ್ಯಾಸಿನಿ ಇಬ್ಬರನ್ನೂ ಮಾತಾಡಿಸಿ ತೀರ್ಮಾನ ಮಾಡುವುದು ಅಂತಾಗಿತ್ತು. ಎಲ್ಲರೂ ಆಕೆಯನ್ನು ಮದರ್ ಅನ್ನುತ್ತಿದ್ದರು.

"ಸ್ಟೋ ಸಿಡಿದು ಸುಟ್ಟಕೊಂಡವರು ಬರ್ತಾರ್ರೀ ಸರ್," ಅಂದಳು ನರ್ಸ್. "ಹೈದರಾಬಾದಿಗೆ ಕಳಸ್ತೀವಿ. ಎಷ್ಟೋ ಮಂದಿ ದಾರ್ಯಾಗ ಹೋಗಿಬಿಡ್ತಾರ. ನಮ್ಮಲ್ಲೇ ನೋಡೋ ಹಂಗ ಆಗಬೇಕು. ನಾ ಹೋಗಾಕ ಬೇಕ್ರೀ."

ಇಷ್ಟು ಹೇಳಿ ಆಕೆ ಪೆನ್ನಿನ ಮುಚ್ಚಳ ತೆಗೆದು ಪಾಠಕ್ಕೆ ತಯಾರಾಗಿ ಕೂತಳು. ನಾನೋ, ಮೊದಲ ವಿದ್ಯಾರ್ಥಿ ಸಿಕ್ಕ ಖುಷಿಯಲ್ಲಿ, ಈಕೆ ಹೋದರೆ ಬೋರ್ಡಿನ ಮೇಲೆ ಇನ್ನೊಂದು ಸಾಲು ಏನು ಬರೆಸಬಹುದು ಎಂದು ಯೋಚಿಸುತ್ತಿದ್ದೆ.

ಪ್ರತಿ ಭಾನುವಾರ ಆಕೆ ಮಾನ್ವಿಯಿಂದ ಬಸ್ಸಿಗೆ ಬರುವಳು. ವಯಸ್ಸಿಗೆ ಬಂದ ಮಗಳು ಒಂದು ಕೋಣೆಯಲ್ಲಿ ಒಬ್ಬ ಗಂಡಸಿನ ಎದುರು ಕೂರುವುದೆಂದರೇನು ಅಂತ ಆಕೆಯ ಅವ್ವ ದೇವದುರ್ಗದ ಬಸ್ಸು ಹಿಡಿದು ಬೇರೆ ಬರುವಳು. ಗೋಡೆಗೆ ಒರಗಿ, ಕದರು ತಿರುಗಿಸುತ್ತ ಕುರಿಯ ಉಣ್ಣೆ ನೂಲುವಳು. ಕಣ್ಣು ನೂಲಿನ ಮೇಲೆ, ಕಿವಿ ಪಾಠದ ಮೇಲೆ.

"ಡಾಸ್ ಬೇಬಿ," ಅಂದೆ.

"ಡಾಸ್ ಬೇಬಿ," ಅಂದಳು ಮಗಳು.

ಅವ್ವ ತಲೆ ಎತ್ತಿದಳು. "ಬೇಬಿ ಅಂದ್ರ ಕೂಸಲ್ಲೇನ್ರೀ ಮಾಸ್ತರ? ಇದು ನಮ್ಮ ದವಾಖಾನ್ಯಾಗೂ ಅಂತಾರಲ್ಲ."

"ಅದೇ ನನ್ನ ಪದ್ಧತಿ ಯವ್ವಾ. ಗೊತ್ತಿದ್ದದ್ರಿಂದ ಗೊತ್ತಿಲ್ಲದ್ದಕ್ಕ ಹೋಗೋದು."

"ಹೌದ್ರಿ. ಆದ್ರ ನೀವು ಗೊತ್ತಿದ್ದದ್ರಾಗ ಕುಂತುಬಿಟ್ಟೀರಿ, ಮುಂದ ಹೋಗವಲ್ರಿ."

ಮಗಳು ನಗು ತಡೆಯಲು ಪುಸ್ತಕ ಅಡ್ಡ ಹಿಡಿದಳು. ನಾನು ಗಂಟಲು ಸರಿಮಾಡಿಕೊಂಡು 'ಡೇರ್ ಜಾಬ್'ಗೆ ದಾಟಿದೆ. ಜರ್ಮನ್ನಿನಲ್ಲಿ ಪ್ರತಿ ವಸ್ತುವಿಗೂ ಗಂಡು, ಹೆಣ್ಣು, ಎರಡೂ ಅಲ್ಲದ್ದು ಅಂತ ಜಾತಿ ಇರುತ್ತದೆ, ಅದಕ್ಕೆ ತಕ್ಕಂತೆ ಮುಂದೆ ಡೇರ್, ಡೀ, ಡಾಸ್ ಹಚ್ಚಬೇಕು. ಹೊರಗಿನಿಂದ ಬಂದ ಇಂಗ್ಲಿಷ್ ಮಾತಿಗೂ ಒಂದನ್ನು ಅಂಟಿಸುತ್ತಾರೆ. ಜಾಬ್ ಗಂಡು, ಪಾರ್ಟಿ ಹೆಣ್ಣು ಎಂದು ವಿವರಿಸಿದಾಗ ಅವ್ವ, "ದುಡಿಯೋದು ಗಂಡು, ಕುಣಿಯೋದು ಹೆಣ್ಣು ಅಂತ ಬರದಾರೇನು? ಅಲ್ಲಿನೂ ಗಂಡಸರೇ ಬರದಿರಬೇಕು," ಅಂದು ದಾರ ಸುತ್ತಿಕೊಂಡಳು.

ನಡುನಡುವೆ ಮಗಳು ಕೇಳುವಳು: "ಸರ್, ನೋವು ಎಲ್ಲದ ಅಂತ ಕೇಳೋದು ಹೆಂಗ್ರೀ?"

"ಅದು ಮುಂದಿನ ಪಾಠ."

ಅದು ಯಾವಾಗಲೂ ಮುಂದಿನ ಪಾಠವೇ ಆಗಿತ್ತು, ಯಾಕೆಂದರೆ ನನಗೆ ಗೊತ್ತಿರಲಿಲ್ಲ. ಜಾಹೀರಾತಿನಲ್ಲಿ ಯಾರಿಗೂ ನೋವಿರುವುದಿಲ್ಲ ನೋಡಿ.

ಮದರ್ ಬರುವ ದಿನ ಹತ್ತಿರವಾದಾಗ ನಾನು ನನ್ನ ಕೊನೆಯ ಗುಟ್ಟು ಹೇಳಿಕೊಟ್ಟೆ. ನಮ್ಮ ಕಡೆ ದೊಡ್ಡವರ ಮುಂದೆ ನಿಂತಾಗ ನಾಲ್ಕು ಇಂಗ್ಲಿಷ್ ಮಾತು ಹೆಚ್ಚಿಗೆ ಹಾಕುವುದು ಮರ್ಯಾದೆ. ತಹಸೀಲ್ದಾರರ ಮುಂದೆ ಹೆಂಡತಿ 'ವೈಫ್' ಆಗುತ್ತಾಳೆ, ಜ್ವರ 'ಫೀವರ್' ಆಗುತ್ತದೆ, ಹೊಲಕ್ಕೆ ಹೋಗಿದ್ದ ಮನುಷ್ಯ 'ಫೀಲ್ಡಿಗೆ' ಹೋಗಿರುತ್ತಾನೆ. ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೋದ ಹಾಗೆ ಮಾತಿಗೂ ಇಸ್ತ್ರಿ. "ಮದರ್ ಮುಂದ ಎಷ್ಟು ಆಗ್ತದೋ ಅಷ್ಟು ಇಂಗ್ಲಿಷ್ ಇದ್ದ ಜರ್ಮನ್ನೇ ಆಡಬೇಕು," ಅಂದೆ. "ಈಗಿನ ಕಾಲದಾಕಿ ಅಂತ ಗೊತ್ತಾಗಬೇಕು." ಆಕೆ ತಲೆಯಾಡಿಸಿದಳು. ಆಕೆಯೂ ಇದೇ ಜಿಲ್ಲೆಯವಳು, ಈ ಮರ್ಯಾದೆಯ ಬಗ್ಗೆ ಆಕೆಗೂ ಅನುಮಾನ ಬರಲಿಲ್ಲ.

ಆ ದಿನ ನಾನೂ ಮಾನ್ವಿಗೆ ಹೋದೆ. ಯಾರೂ ಕರೆದಿರಲಿಲ್ಲ. ಗೆಲುವು ಕಣ್ಣಾರೆ ನೋಡೋಣವೆಂದು ಹೊಸ ಪ್ಯಾಂಟು ಹಾಕಿಕೊಂಡು ಆಸ್ಪತ್ರೆಯ ವರಾಂಡದಲ್ಲಿ, ಕಿಟಕಿಯ ಕೆಳಗೇ ಕೂತೆ. ಪಕ್ಕದಲ್ಲಿ ಅವ್ವ. ಒಳಗೆ ಮದರ್ ಜರ್ಮನ್ನಿನಲ್ಲಿ ಏನೋ ಕೇಳಿದರು. ನಿಧಾನವಾಗಿ, ದುಂಡಗೆ ಬಂದ ಮಾತು, ಆದರೂ ನನಗೆ ಒಂದಕ್ಷರ ತಿಳಿಯಲಿಲ್ಲ. ನನ್ನ ಶಿಷ್ಯೆಗೂ ತಿಳಿದಿರಲಾರದು. ಆದರೆ ನಾವು ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿದ್ದೆವು.

"ಇಷ್ ಹಾಬೆ ಐನೆನ್ ಜಾಬ್ ಇಮ್ ಹಾಸ್ಪಿಟಲ್," ಅಂದಳು ಆಕೆ ಗಟ್ಟಿಯಾಗಿ. "ಉನ್ಸರ್ ಟೀಮ್ ಇಸ್ಟ್ ಫಿಟ್. ವೀರ್ ಹಾಬೆನ್ ಕೈನೆನ್ ಸ್ಟ್ರೆಸ್." ಆಸ್ಪತ್ರೆಯಲ್ಲಿ ನನಗೆ ಜಾಬ್ ಇದೆ, ನಮ್ಮ ಟೀಮ್ ಫಿಟ್ ಆಗಿದೆ, ನಮಗೆ ಸ್ಟ್ರೆಸ್ ಇಲ್ಲ ಅಂತ ಅರ್ಥ.

ನಾನು ಕಾಲರ್ ಸರಿಮಾಡಿಕೊಂಡೆ. ಮದರ್ ಮೆಚ್ಚಿಬಿಟ್ಟರು ಅಂದುಕೊಂಡೆ.

"ಇದನ್ನ ಕಲಸಿದಾಂವ ಯಾರು?" ಅಂತ ಕೇಳಿಸಿತು, ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ. "ಹೊರಗ ಕುಂತಾನೇನು? ಕರಿ ಒಳಗ."

ಹೋದೆ. ಎತ್ತರದ ಮುದುಕಿ, ಬಿಳಿ ಸೀರೆ, ಬಿಸಿಲಿಗೆ ಬೆಂದು ಕೆಂಪಾದ ಮೂಗು.

"ಇದು ಯಾವ ದೇಶದ ಮಾತಪ್ಪಾ?"

"ಜರ್ಮನ್, ಮದರ್."

"ನಾ ಜರ್ಮನಿಯಾಗ ಹುಟ್ಟಿದಾಕಿ."

ಇದಕ್ಕೆ ಯಾರಾದರೂ ಏನು ಉತ್ತರ ಕೊಡಬಲ್ಲರು? ನಾನು ಕೊಟ್ಟೆ. "ಇದು ಈಗಿನ ಜರ್ಮನ್, ಮದರ್," ಅಂದೆ.

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯುದ್ಧ ಮುಗಿದ ಮ್ಯಾಲ ನಮ್ಮೂರಾಗ ಅಮೆರಿಕದ ಸಿಪಾಯಿಗಳು ಇದ್ರು. ಅವರ ಜೀಪಿನ ಹಿಂದ ಚಾಕ್ಲೇಟಿಗೆ ಓಡೋ ಪೋರರು ಹಿಂಗ ಮಾತಾಡೋರು. ಊಟಕ್ಕ ಕುಂತಾಗ ಮನ್ಯಾಗ ಯಾರರ ಅಂಥಾ ಮಾತಾಡಿದ್ರ ನಮ್ಮಪ್ಪ ಅವರ ತಾಟು ತಗದುಬಿಡ್ತಿದ್ದ. ಅಂಥಾ ಮಾತು ಹಿರೇರ ಮುಂದ ಆಡಾಕ ಕಲಸೀಯಲ್ಲ."

"ಮರ್ಯಾದಿಗೆ ಅಂತ ಕಲಸಿದ್ದು, ಮದರ್."

"ಯಾರ ಮರ್ಯಾದಿ?"

ಆಮೇಲೆ ಆಕೆ ನರ್ಸ್ ಕಡೆ ತಿರುಗಿ ತಮ್ಮ ಮೊಣಕಾಲು ಹಿಡಿದುಕೊಂಡರು. "ನಾ ಅಲ್ಲಿನ ದವಾಖಾನ್ಯಾಗ ಮಲಗಿದ ಮುದುಕಿ ಅಂತ ತಿಳಕೊ. ಕಾಲು ನೋಯಾಕತ್ತದ. ಮಾತಾಡಸು ನನ್ನ."

ನರ್ಸ್ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಕೊನೆಗೆ ಪಾಪ, ಮದರ್ ಮುಖದ ಹತ್ತಿರ ಬಗ್ಗಿ, "ಓಕೆ?" ಅಂದಳು.

ಮದರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಸಂಕ್ರಾಂತಿ ಆದ ಮ್ಯಾಲ ಮತ್ತ ಬರ್ತೀನಿ. ಆಗ ಇಬ್ಬರನ್ನೂ ಇನ್ನೊಮ್ಮೆ ಕೇಳ್ತೀನಿ. ಅದ ಕಡೇದು," ಅಂದರು. ಬಾಗಿಲ ತನಕ ಹೋದ ನನ್ನನ್ನು ನಿಲ್ಲಿಸಿ, "ಮನುಷ್ಯರ ಜೋಡಿ ಆಡೋ ಜರ್ಮನ್ ಕಲಸಪ್ಪಾ," ಅಂದರು.

ವರಾಂಡದಲ್ಲಿ ನರ್ಸ್ ನನ್ನ ಎದುರು ನಿಂತಳು. "ಸರ್, ನೋವಿಗೆ ಏನಂತಾರ ನಿಮಗ ಗೊತ್ತದನೋ ಇಲ್ಲೋ? ಖರೆ ಹೇಳ್ರಿ."

"ಪುಸ್ತಕ ನೋಡಬೇಕು."

"ಮತ್ತ ನೋಡ್ರಿ," ಅಂದಳು. "ನನಗ ಇನ್ನೊಂದು ಸಲ ಅದ. ಆಮ್ಯಾಲ ಇಲ್ಲ."

ಮನೆಗೆ ಬಂದು ನಡೆದದ್ದನ್ನು ಅಪ್ಪನಿಗೆ ಹೇಳಿದೆ. ಸಮಾಧಾನ ಮಾಡುತ್ತಾನೇನೋ ಎಂಬ ಆಸೆ. ಅಪ್ಪ ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಕಚೇರಿಯಲ್ಲಿ ಗುಮಾಸ್ತನಾಗಿ, ಉರ್ದುವಿನಲ್ಲೇ ಕನಸು ಕಾಣುತ್ತಿದ್ದ ಮನುಷ್ಯ. ಪರೀಕ್ಷೆಗೆ ಕೊನೆಯವರೆಗೂ 'ಇಮ್ತಿಹಾನ್' ಎಂದೇ ಅನ್ನುತ್ತಿದ್ದ. ಎಲ್ಲ ಕೇಳಿಸಿಕೊಂಡು, ಕೆಮ್ಮು ಬರುವ ತನಕ ನಕ್ಕ.

"ಲೇ, ನಾವು ಮೈಸೂರು ಸೀಮಿಗೆ ಸೇರಿದ ಹೊಸದಾಗಿ ಆ ಕಡೆ ಸಾಹೇಬ ಒಬ್ಬ ಬಂದಿದ್ದ," ಅಂದ. "ದೊಡ್ಡವರ ಮುಂದ ನಿಂತೀನಿ ಅಂತ ನಾ ಕೈ ಕಟ್ಟಿ ಹೇಳಿದೆ: ಹುಜೂರ್, ಮಿಸಲ್ ಮುಲ್ತವಿ ಅದ, ತಸ್ದೀಕ್ ಆಗಿಲ್ಲ ಅಂತ. ಅವ ಜವಾನನ್ನ ಕರದು, ಇವರಿಗೆ ಕನ್ನಡ ಬರುವುದಿಲ್ಲವೇ ಅಂತ ಕೇಳಿದ. ನಾ ಆಡಿದ್ದು ಕನ್ನಡನೇ ಲೇ. ಮರ್ಯಾದಿಗೆ ಅಂತ ನಾಕು ಉರ್ದು ಮಾತು ಹಾಕಿದ್ದೆ, ಅಷ್ಟೇ."

ಕಡತ ಇತ್ಯರ್ಥವಾಗದೆ ನಿಂತಿದೆ, ದೃಢೀಕರಣ ಆಗಿಲ್ಲ ಎಂಬುದು ಅಪ್ಪ ಹೇಳಬೇಕೆಂದಿದ್ದ ಮಾತು. ಒಳಗಿದ್ದ ನಮ್ಮ ಅವ್ವನನ್ನು ಕೂಗಿ ಕರೆದು ಆತ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಕೇಳಿಲ್ಲಿ, ನಿನ್ನ ಮಗ ನನ್ನ ತಪ್ಪನ್ನ ಜರ್ಮನ್‌ನ್ಯಾಗ ಮಾಡಿ ಬಂದಾನ."

ಸಿಟ್ಟು ಬಂತು, ಯಾಕೆಂದರೆ ಸರಿಯಾಗಿಯೇ ಹೇಳಿದ್ದ. ನಾನು ಹುಟ್ಟಿದ ಮನೆಯಲ್ಲೇ ಅಪ್ಪ ದವಾಖಾನೆಗೆ ಹೋಗುತ್ತಿದ್ದ, ನಾನು ಹಾಸ್ಪಿಟಲ್‌ಗೆ ಹೋಗುತ್ತಿದ್ದೆ, ಇಬ್ಬರಿಗೂ ಒಬ್ಬನೇ ಡಾಕ್ಟರ್ ಒಂದೇ ಸೂಜಿ ಚುಚ್ಚುತ್ತಿದ್ದ. ಬೇರೆ ಭಾಷೆಯಿಂದ ಬಂದ ಮಾತಿಗೆ ವಯಸ್ಸಿರುತ್ತದೆ. ಅದು ಬರುವ ಮುಂಚೆ ಊರು ಬಿಟ್ಟವರಿಗೆ ಅದು ಪರದೇಶಿ. ಕೆಟ್ಟ ದಿನಗಳಲ್ಲಿ ಅದನ್ನು ಕೇಳಿದವರಿಗೆ ಅದು ಬೈಗುಳಕ್ಕೆ ಸಮ. ಇದನ್ನು ಕಲಿಯಲು ನನಗೆ ಹೈದರಾಬಾದಿನ ಏರ್ ಕೂಲರ್ ಬೇಕಿರಲಿಲ್ಲ, ಅಪ್ಪನ ಎದುರು ಊಟಕ್ಕೆ ಕೂತಾಗ ಕಿವಿ ತೆರೆದಿಟ್ಟುಕೊಂಡಿದ್ದರೆ ಸಾಕಿತ್ತು. ಇನ್ನೊಂದು ವಿಷಯ, ಇದು ಕಲಿಸುವವರಿಗೆ: ಬೇಬಿ, ಟೆಸ್ಟ್ ಇಂಥವನ್ನು ಕಲಿಯುವವರು ಹೇಗೂ ಜೇಬಿನಲ್ಲಿ ಹಾಕಿಕೊಂಡೇ ಬಂದಿರುತ್ತಾರೆ. ಪುಕ್ಕಟೆ ಸಿಗುವ ಮಾತಿಗೆ ಮಾಸ್ತರ ಬೇಕಾಗಿಲ್ಲ. ನಾನು ಅವಷ್ಟನ್ನೇ ಕಲಿಸಿ ಮಾಸ್ತರ ಅನ್ನಿಸಿಕೊಂಡಿದ್ದೆ.

ಮುಂದಿನ ಭಾನುವಾರ ಪಠ್ಯಪುಸ್ತಕದ ನಡುವಿನ ಪಾಠಗಳನ್ನು ತೆರೆದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಅಲ್ಲಿಗೆ ಹೋಗಿಯೇ ಇರಲಿಲ್ಲ. ಏನು ಕಲಿಯಬೇಕು ಎಂಬುದನ್ನು ಈ ಸಲ ನಿರ್ಧರಿಸಿದವಳು ನರ್ಸ್. ವಾರ್ಡಿಗೆ ಕಾಲಿಟ್ಟಾಗಿನಿಂದ ಹೊರಗೆ ಬರುವ ತನಕ ತಾನು ಏನೇನು ಮಾತಾಡುತ್ತೇನೋ ಅದೆಲ್ಲ ಬೇಕು ಅಂದಳು. ನಾನು ಪುಸ್ತಕದಲ್ಲಿ ಹುಡುಕುವುದು, ಸಿಕ್ಕಿದ್ದನ್ನು ಇಬ್ಬರೂ ಬಾಯಿಪಾಠ ಮಾಡುವುದು. ಮಾಸ್ತರನಿಗಿಂತ ಶಿಷ್ಯೆ ಒಂದು ಪುಟ ಮುಂದೆಯೇ ಇರುತ್ತಿದ್ದಳು. ರೋಗಿ ಬೇಕಲ್ಲ? ಆಕೆಯ ಅವ್ವ ಕದರು ಬದಿಗಿಟ್ಟು ಚಾಪೆಯ ಮೇಲೆ ಮಲಗಿ ನರಳುತ್ತಿದ್ದಳು. ಬಹಳ ಚೆನ್ನಾಗಿ ನರಳುತ್ತಿದ್ದಳು. ಒಮ್ಮೆ ಪಕ್ಕದ ಮನೆಯವರು ನೀರು ತೆಗೆದುಕೊಂಡು ಓಡಿ ಬಂದಿದ್ದರು.

"ವೋ ಟೂಟ್ ಎಸ್ ವೇ?" ಎಂದು ಕೇಳುವಳು ಮಗಳು. ಎಲ್ಲಿ ನೋಯುತ್ತದೆ ಅಂತ.

"ಎಲ್ಲಿ ನೋಯಂಗಿಲ್ಲ ಅಂತ ಕೇಳು, ಲಗೂನ ಹೇಳ್ತೀನಿ," ಅನ್ನುವಳು ಅವ್ವ.

ಬೆಳಿಗ್ಗೆ ರೋಗಿಯನ್ನು ಎಬ್ಬಿಸಿ ಮಾತಾಡಿಸುವ ಪಾಠ ಬಂತು. ಚೆನ್ನಾಗಿ ನಿದ್ದೆ ಬಂತೇ ಅಂತ ಕೇಳಬೇಕೆಂದು ಪುಸ್ತಕದಲ್ಲಿತ್ತು.

"ಉಂಡ್ರೇನು ಅಂತ ಕೇಳಂಗಿಲ್ಲೇನು ಆ ಮಂದಿ?" ಅಂದಳು ಅವ್ವ ಚಾಪೆಯಿಂದಲೇ.

"ಇಲ್ಲ ಯವ್ವಾ. ನಿದ್ದಿ ಕೇಳ್ತಾರ."

"ಉಣ್ಣದ ನಿದ್ದಿ ಹೆಂಗ ಬರ್ತದ?" ಅಂದು ಮತ್ತೆ ನರಳತೊಡಗಿದಳು.

ಸಂಕ್ರಾಂತಿ ಆಯಿತು. ಮಾನ್ವಿಯ ಅದೇ ಕೋಣೆ. ಈ ಸಲ ನಾನು ಕಿಟಕಿಯ ಕೆಳಗೆ ಕೂರುವ ಧೈರ್ಯ ಮಾಡದೆ ದೂರದ ಬೇವಿನ ಗಿಡದ ಕೆಳಗೆ ನಿಂತೆ. ಅವ್ವ ಮಾತ್ರ ಬಾಗಿಲಿಗೇ ಒರಗಿ ಕೂತಿದ್ದಳು, ಒಳಗೆ ನಡೆದದ್ದನ್ನು ನನಗೆ ಹೇಳಿದವಳು ಅವಳೇ. ಮದರ್ ಮೊಣಕಾಲು ಹಿಡಿದುಕೊಂಡರಂತೆ. ಮಗಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಕಾಲು ಮುಟ್ಟಿ, ಎಲ್ಲಿ ನೋಯುತ್ತದೆ ಎಂದು ಕೇಳಿದಳಂತೆ. ಮದರ್ ಉದ್ದಕ್ಕೆ ಏನೋ ಹೇಳತೊಡಗಿದಾಗ ಕೈ ಎತ್ತಿ, ನಿಧಾನವಾಗಿ ಹೇಳ್ರಿ ಅಂದಳಂತೆ, ಜರ್ಮನ್ನಿನಲ್ಲೇ. "ಆ ಮುದುಕಿದು ಖರೇನ ಕಾಲು ನೋಯಾಕತ್ತಿತ್ರಿ ಮಾಸ್ತರ," ಅಂದಳು ಅವ್ವ. "ನಾಟಕ ಆಡಿದ್ದಲ್ಲ. ಆಮ್ಯಾಲ ಸುಮ್ಮನ ಇಬ್ಬರೂ ಕಾಲಿನ ಮಾತೇ ಆಡಿದ್ರು."

ಇನ್ನೊಬ್ಬ ನರ್ಸನ್ನೂ ಕೇಳಿ ಮುಗಿಸಿ, ಮದರ್ ಹೊರಗೆ ಬಂದರು. ನಮ್ಮ ಹುಡುಗಿಗೆ "ಹೋಗಿ ಬಾ. ಆದ್ರ ತಿರುಗಿ ಬಾ, ಅಲ್ಲೇ ಕುಂದರಬ್ಯಾಡ," ಅಂದರು. ಆಕೆ ಹೂಂ ಅಂದಳು. ಅಷ್ಟೇ. ಅಳು, ಅಪ್ಪುಗೆ ಏನೂ ಇಲ್ಲ. ಡ್ಯೂಟಿಗೆ ಹೊತ್ತಾಯಿತು ಅಂತ ವಾರ್ಡಿಗೆ ಹೋಗಿಬಿಟ್ಟಳು.

ಇನ್ನು ನನ್ನ ಸರದಿ ಎಂದು ನಾನು ಬಸ್ ಸ್ಟ್ಯಾಂಡಿನ ಕಡೆ ಜಾರತೊಡಗಿದ್ದೆ. "ಏ ಮಾಸ್ತರ," ಅಂತ ಕೂಗು ಬಂತು. ಮದರ್ ವರಾಂಡದ ಬೆಂಚಿನ ಮೇಲೆ ಜಾಗ ತೋರಿಸಿದರು. ನಾನು ಅಂಚಿನಲ್ಲಿ ಕೂತೆ.

"ಹೋದ ವರ್ಷ ನಮ್ಮ ದೇಶದಿಂದ ಎಳೇ ಡಾಕ್ಟರ್‌ಗಳು ಬಂದಿದ್ರು," ಅಂದರು ಆಮೇಲೆ. "ನನ್ನ ಮಾತು ಕೇಳಿ ನಗೋರು. ಅಜ್ಜಿ ಕಾಲದ ಮಾತಂತ. ಅವರು ತಮ್ಮತಮ್ಮೊಳಗ ಆಡಿದ್ದು ನನಗ ಅರ್ಧ ತಿಳೀಲಿಲ್ಲ. ನೀ ಕಲಸ್ತಿ ನೋಡು, ಜಾಬು, ಟೀಮು, ಅವೆಲ್ಲ ಇದ್ವು ಅದರಾಗ. ಈ ಸಲ ಮತ್ತ ಬರಾವ್ರು ಇದ್ದಾರ, ಅಲ್ಲೀತನಕ ನಾ ಇಲ್ಲೇ ಮಾನ್ವ್ಯಾಗ ಇರ್ತೀನಿ."

"ಹೌದೇನ್ರೀ, ಮದರ್."

"ಹೌದು. ಅದಕ್ಕ ನನಗ ಕಲಸು."

ಹಾಗೆ ರಾಯಚೂರಿನ ಬಿ.ಕಾಂ. ಫೇಲಾದವನೊಬ್ಬ ಜರ್ಮನಿಯಲ್ಲಿ ಹುಟ್ಟಿದವರಿಗೆ ಜರ್ಮನ್ ಕಲಿಸಲು ವಾರವಾರ ಮಾನ್ವಿಯ ಬಸ್ಸು ಹತ್ತಿದ. ಇದನ್ನು ಹೇಳಿದಾಗ ಅಪ್ಪ ಮತ್ತೆ ಕೆಮ್ಮಿದ. ಮದರ್ ಬಹಳ ಕೆಟ್ಟ ವಿದ್ಯಾರ್ಥಿನಿ. ಒಂದು ಮಾತನ್ನೂ ಸುಮ್ಮನೆ ಒಪ್ಪುತ್ತಿರಲಿಲ್ಲ.

ನಮ್ಮ ಹುಡುಗಿ ಹೊರಡುವ ದಿನ ಅವ್ವನ ಜೊತೆ ಹೇಳಿಹೋಗಲು ಬಂದಾಗ ನಾವು 'ಟೀಮ್' ಮೇಲೆ ಜಗಳಾಡುತ್ತಿದ್ದೆವು.

"ಅದಕ್ಕ ನಮ್ಮಲ್ಲಿ ಮನ್‌ಶಾಫ್ಟ್ ಅನ್ನೋ ಮಾತು ಅದ," ಅನ್ನುತ್ತಿದ್ದರು ಮದರ್.

"ಅದನ್ನೂ ಅಂತಾರ, ಇದನ್ನೂ ಅಂತಾರ, ಮದರ್."

"ಒಂದು ಇದ್ದಾಗ ಇನ್ನೊಂದು ಯಾಕ?"

"ಯಾಕ ಅಂತ ಪುಸ್ತಕದಾಗಿಲ್ಲ."

"ಮತ್ತ ಅಂಥಾ ಪುಸ್ತಕ ಯಾಕ ತಂದಿ?"

ಹುಡುಗಿ ಕೈಯಲ್ಲಿ ಚೀಲ ಹಿಡಿದುಕೊಂಡು ನಗುತ್ತ ನಿಂತಿದ್ದಳು. ಹೈದರಾಬಾದಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಅವ್ವ ಇಬ್ಬರನ್ನೂ ಒಮ್ಮೆ ನೋಡಿ, ಮಗಳ ಕೈಯಿಂದ ಚೀಲ ಇಸಿದುಕೊಂಡಳು.

"ನಡಿಯವ್ವಾ," ಅಂದಳು. "ಈ ಇಬ್ಬರಿಗೂ ಅಲ್ಲಿಂದ ಒಬ್ಬ ಮಾಸ್ತರನ್ನ ಕಳಸು."